ಹುಳುವಿನಲ್ಲಿ ಜೀನ್‌ನ ಮೌನ ತಲೆಮಾರು ದಾಟುವುದನ್ನು ಪರೀಕ್ಷಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

1998ರಲ್ಲಿ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಅವರ ಸಂಗಡಿಗರು ಸಿನೊರ್ಹ್ಯಾಬ್ಡೈಟಿಸ್ ಎಲೆಗನ್ಸ್ ಎಂಬ ಮಿಲಿಮೀಟರ್ ಉದ್ದದ ಹುಳುವಿಗೆ ಎರಡೆಳೆಯ ಆರ್‌ಎನ್‌ಎಯನ್ನು ಚುಚ್ಚಿದಾಗ, ಅದೇ ಅಕ್ಷರಸರಣಿಯುಳ್ಳ ಜೀನ್ ಹುಳುವಿನಲ್ಲಿ ಮಾತ್ರವಲ್ಲ, ಅದರ ಮರಿಗಳಲ್ಲಿಯೂ ಬಾಯಿ ಮುಚ್ಚಿತು, ಅಂದರೆ ಅದರ ಪ್ರೋಟೀನ್ ತಯಾರಾಗುವುದು ನಿಂತಿತು. ಆ ಶೋಧಕ್ಕೆ 2006ರಲ್ಲಿ ನೊಬೆಲ್ ಬಂತು. ಮರಿಗಳ ಮಾತು ಮಾತ್ರ ಬಹಳ ಕಾಲ ಅಡಿಟಿಪ್ಪಣಿಯಂತೆಯೇ ಉಳಿಯಿತು. ಡಿಎನ್‌ಎಯ ಒಂದಕ್ಷರವೂ ಬದಲಾಗದೆ, ಚುಚ್ಚಿದ ಆರ್‌ಎನ್‌ಎ ಎಂದೋ ಕರಗಿಹೋದ ಮೇಲೂ, ಮೊಮ್ಮಕ್ಕಳಲ್ಲಿ ಮತ್ತು ಮರಿಮಕ್ಕಳಲ್ಲಿ ಜೀನ್ ಮೌನವಾಗಿ ಉಳಿಯುವುದಾದರೆ ಅದನ್ನು ಹೊತ್ತೊಯ್ಯುವುದು ಏನು? ಈ ಪ್ರಶ್ನೆಯನ್ನು ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಹೊಸದಾಗಿ ಹುಳು ಸಾಕಲು ಹೊರಟವರನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಪ್ರಯೋಗದ ಕಷ್ಟ ಜೀನನ್ನು ಮೌನಗೊಳಿಸುವುದರಲ್ಲಿಲ್ಲ. ಎರಡೆಳೆಯ ಆರ್‌ಎನ್‌ಎ ತಯಾರಿಸುವ ಬ್ಯಾಕ್ಟೀರಿಯಾವನ್ನು ತಿನ್ನಿಸಿದರೆ ಆ ಕೆಲಸ ಮೂರು ದಿನದಲ್ಲಿ ಮುಗಿಯುತ್ತದೆ. ಕಷ್ಟವಿರುವುದು ಎರಡೇ ಕಡೆ: ಮೂಲ ಪ್ರಚೋದನೆಯನ್ನು ಚೊಕ್ಕವಾಗಿ ಕಡಿದುಹಾಕುವುದರಲ್ಲಿ ಮತ್ತು ಒಂದು ತಾಯಿಯ ಸಂತತಿ ಇನ್ನೊಂದರ ಜೊತೆ ಬೆರೆಯದಂತೆ ತಲೆಮಾರುಗಳ ಲೆಕ್ಕವಿಡುವುದರಲ್ಲಿ.

ಮೊದಲು ಯಂತ್ರದ ಪರಿಚಯ

ಹುಳು ತಿಂದ ಎರಡೆಳೆಯ ಆರ್‌ಎನ್‌ಎ ಕರುಳಿನೊಳಗಿಂದ ಸಿಡ್-2 ಎಂಬ ಪ್ರೋಟೀನಿನ ನೆರವಿನಿಂದ ಜೀವಕೋಶವನ್ನು ಸೇರಿ, ಸಿಡ್-1 ಎಂಬ ಇನ್ನೊಂದರ ಮೂಲಕ ದೇಹದ ಉಳಿದ ಅಂಗಾಂಶಗಳಿಗೆ, ಜನನಾಂಗಕ್ಕೂ ಹರಡುತ್ತದೆ. ಅಲ್ಲಿ ಡೈಸರ್ ಎಂಬ ಕಿಣ್ವ ಅದನ್ನು ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ಆರ್‌ಡಿಇ-1 ಎಂಬ ಆರ್ಗೊನಾಟ್ ಪ್ರೋಟೀನ್ ಒಂದು ತುಣುಕನ್ನು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು ಹುಡುಕುತ್ತದೆ. ಇಷ್ಟಕ್ಕೇ ನಿಂತಿದ್ದರೆ ಕಥೆ ಒಂದು ತಲೆಮಾರಿಗೆ ಮುಗಿಯುತ್ತಿತ್ತು.

ಮುಂದಿನ ಹಂತವೇ ಇಡೀ ವಿಷಯದ ತಿರುಳು. ಹೀಗೆ ಸಿಕ್ಕಿಬಿದ್ದು ತುಂಡಾದ ಸಂದೇಶದ ತುದಿಗೆ ಆರ್‌ಡಿಇ-3 ಎಂಬ ಕಿಣ್ವ ಯು ಮತ್ತು ಜಿ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ ಬಾಲ ಕಟ್ಟುತ್ತದೆಯೆಂದು 2020ರಲ್ಲಿ ಸ್ಕಾಟ್ ಕೆನಡಿಯವರ ತಂಡ ತೋರಿಸಿತು. ಬಾಲವಿರುವ ತುಂಡನ್ನು ಅಚ್ಚಾಗಿಟ್ಟುಕೊಂಡು, ಆರ್‌ಎನ್‌ಎಯಿಂದಲೇ ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಕಿಣ್ವಗಳು ಎದುರು ಎಳೆಯ ಕಿರು ಆರ್‌ಎನ್‌ಎಗಳನ್ನು ರಾಶಿರಾಶಿಯಾಗಿ ತಯಾರಿಸುತ್ತವೆ. ಇವುಗಳ ಉದ್ದ ಸುಮಾರು 22 ನ್ಯೂಕ್ಲಿಯೊಟೈಡ್, ಮೊದಲ ಅಕ್ಷರ ಬಹುಪಾಲು ಜಿ. ಆದ್ದರಿಂದಲೇ 22ಜಿ ಎಂಬ ಹೆಸರು. ಜನನಕೋಶಗಳಲ್ಲಿ ಎಚ್‌ಆರ್‌ಡಿಇ-1 ಎಂಬ ಆರ್ಗೊನಾಟ್ ಈ 22ಜಿಗಳನ್ನು ಹೊತ್ತು ಕೋಶಕೇಂದ್ರಕ್ಕೆ ಹೋಗಿ, ಆಗತಾನೇ ಬರೆಯಲ್ಪಡುತ್ತಿರುವ ಸಂದೇಶವನ್ನು ಗುರುತಿಸಿ, ಎನ್‌ಆರ್‌ಡಿಇ ಗುಂಪಿನ ಪ್ರೋಟೀನುಗಳ ಜೊತೆಗೂಡಿ ಬರವಣಿಗೆಯನ್ನೇ ತಡೆಯುತ್ತದೆ. ಆ ಜಾಗದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಲ್ಲಿ ಒಂದಾದ ಎಚ್3ರ 9ನೆಯ ಲೈಸಿನ್ ಮೇಲೆ ಮೂರು ಮೀಥೈಲ್‌ಗಳ ಗುರುತು ಬೀಳುತ್ತದೆ. 22ಜಿಗಳು ಅಂಡಾಣು ಮತ್ತು ವೀರ್ಯಾಣುಗಳ ಮೂಲಕ ಮರಿಗೆ ದಾಟುತ್ತವೆ. ಮರಿಯ ಜನನಕೋಶದಲ್ಲಿ ಅವು ಮತ್ತೆ ಸಂದೇಶವನ್ನು ಹಿಡಿದು, ಬಾಲ ಕಟ್ಟಿಸಿ, ಹೊಸ 22ಜಿಗಳನ್ನು ಬರೆಸುತ್ತವೆ.

ಮರುಬರವಣಿಗೆ ಏಕೆ ಬೇಕೇಬೇಕು ಎಂಬುದನ್ನು ಮನೆಲೆಕ್ಕದಲ್ಲಿಯೇ ಕಾಣಬಹುದು. ಒಂದು ದ್ವಿಲಿಂಗಿ ಹುಳು ತನ್ನದೇ ವೀರ್ಯದಿಂದ ಸುಮಾರು 300 ಮರಿಗಳನ್ನು ಹಾಕುತ್ತದೆ. ಮೊಮ್ಮಕ್ಕಳು 90,000, ಮರಿಮಕ್ಕಳು 2.7 ಕೋಟಿ, ಅದರ ಮುಂದಿನ ತಲೆಮಾರು 810 ಕೋಟಿ. ಅಜ್ಜಿ ತಿಂದ ಆರ್‌ಎನ್‌ಎಯನ್ನೇ ಹಂಚಿಕೊಂಡು ಬರುತ್ತಿದ್ದರೆ ನಾಲ್ಕನೆಯ ತಲೆಮಾರಿನಲ್ಲಿ ಬಹುಪಾಲು ಹುಳುಗಳಿಗೆ ಒಂದು ಅಣುವೂ ಸಿಗದು. ಆದರೂ ಮೌನ ಉಳಿದಿದೆಯೆಂದರೆ ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಬರೆದುಕೊಳ್ಳುತ್ತಿದೆ ಎಂದರ್ಥ. ಮನುಷ್ಯನೂ ಸೇರಿದಂತೆ ಸಸ್ತನಿಗಳಲ್ಲಿ ಈ ಬಗೆಯ ಪಾಲಿಮರೇಸ್ ಇಲ್ಲ; ಹುಳುವಿನ ಫಲಿತಾಂಶವನ್ನು ಎತ್ತಿ ನಮ್ಮ ಅಜ್ಜಿಯರ ಮೇಲೆ ಹೇರುವ ಪತ್ರಿಕಾ ಬರಹಗಳನ್ನು ಓದುವಾಗ ಇದನ್ನು ನೆನಪಿಟ್ಟುಕೊಂಡರೆ ಸಾಕು.

ಹೆಜ್ಜೆ 1: ಸರಿಯಾದ ಜೀನ್ ಆರಿಸಿಕೊಳ್ಳಿ

ಗುರಿ ಜೀನ್ ಜನನಕೋಶಗಳಲ್ಲಿ ವ್ಯಕ್ತವಾಗುವಂತಿರಬೇಕು. ಬೋಧನೆಯ ಪ್ರಯೋಗಗಳಲ್ಲಿ ಬಳಸುವ ಯುಎನ್‌ಸಿ-22 (ಹುಳು ಅದುರುತ್ತದೆ) ಅಥವಾ ಡಿಪಿವೈ-11 (ಹುಳು ಗಿಡ್ಡವಾಗುತ್ತದೆ) ಕಣ್ಣಿಗೆ ಚೆಂದ, ಆದರೆ ಇವು ದೇಹದ ಅಂಗಾಂಶಗಳ ಜೀನ್‌ಗಳಾದ್ದರಿಂದ ಪರಿಣಾಮ ಮಕ್ಕಳಾಚೆಗೆ ಹೆಚ್ಚು ಸಾಗುವುದಿಲ್ಲ. ಇವನ್ನು ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕಷ್ಟೇ ಇಟ್ಟುಕೊಳ್ಳಿ.

ನನ್ನ ಆಯ್ಕೆ, ಜನನಕೋಶಗಳಲ್ಲಿ ಮಾತ್ರ ಹಚ್ಚಿಕೊಳ್ಳುವ ಹಸಿರು ಪ್ರತಿದೀಪ್ತ ಪ್ರೋಟೀನ್, ಅಂದರೆ ಜಿಎಫ್‌ಪಿ. ಅದನ್ನು ಹಿಸ್ಟೋನ್ ಎಚ್2ಬಿಗೆ ಬೆಸೆದಿದ್ದರೆ ಬೆಳಕು ಕೋಶಕೇಂದ್ರದಲ್ಲಿಯೇ ಗುಂಡಗೆ ಕೂರುವುದರಿಂದ ಎಣಿಕೆ ಸುಲಭ. ಜಿಎಫ್‌ಪಿ ಹುಳುವಿನ ಬದುಕಿಗೆ ಬೇಕಿಲ್ಲದ ವಸ್ತುವಾದ್ದರಿಂದ ಮೌನವಾದ ಹುಳುವೂ ಆರೋಗ್ಯವಾಗಿರುತ್ತದೆ. ಇಲ್ಲದಿದ್ದರೆ ಮೌನಗೊಂಡವು ಸತ್ತು, ಉಳಿದವುಗಳ ಎಣಿಕೆ ದಾರಿ ತಪ್ಪಿಸುತ್ತದೆ. ಒಂದು ಎಚ್ಚರಿಕೆ: ಹೀಗೆ ಬೆಳಕಿನಿಂದ ಸುದ್ದಿ ಕೊಡುವ ವರದಿಗಾರ ಜೀನ್ ಕ್ರೋಮೊಸೋಮಿನಲ್ಲಿ ಒಂದೇ ಪ್ರತಿಯಾಗಿ ಕೂತಿರಬೇಕು. ನೂರಾರು ಪ್ರತಿಗಳ ಸಾಲನ್ನು ಹುಳು ತಾನಾಗಿಯೇ ಅನುಮಾನದಿಂದ ನೋಡುತ್ತದೆ. ಅಂಥ ಬಹುಪ್ರತಿ ಸಾಲೊಂದರ ವ್ಯಕ್ತತೆ ಉಷ್ಣಾಂಶಕ್ಕೆ ಬದಲಾಗಿ, ಆ ಬದಲಾವಣೆ 14 ತಲೆಮಾರುಗಳವರೆಗೆ ಉಳಿಯಿತೆಂದು ಬಾರ್ಸಿಲೋನಾದ ಬೆನ್ ಲೆನರ್ ತಂಡ 2017ರಲ್ಲಿ ವರದಿ ಮಾಡಿತು. ನೀವು ಏನೂ ತಿನ್ನಿಸದೆಯೂ ಫಲಿತಾಂಶ ಬಂದುಬಿಟ್ಟರೆ ಯಾರಿಗೆ ಬೇಕು?

ಸೂಕ್ಷ್ಮದರ್ಶಕದಲ್ಲಿ ಪ್ರತಿದೀಪ್ತಿ ಸೌಲಭ್ಯವಿಲ್ಲದವರಿಗೆ ಇನ್ನೊಂದು ಜಾಣ ಉಪಾಯವಿದೆ. ಒಎಂಎ-1 ಜೀನ್‌ನ ಝಡ್‌ಯು405 ಎಂಬ ರೂಪಾಂತರವುಳ್ಳ ಹುಳುಗಳ ಭ್ರೂಣಗಳು 15 ಡಿಗ್ರಿಯಲ್ಲಿ ಬದುಕುತ್ತವೆ, 20 ಡಿಗ್ರಿಯಲ್ಲಿ ಸಾಯುತ್ತವೆ. ಜೀನ್ ಮೌನವಾಗಿದ್ದರೆ 20 ಡಿಗ್ರಿಯಲ್ಲಿಯೂ ಮೊಟ್ಟೆಯೊಡೆಯುತ್ತದೆ. ಬದುಕಿದವುಗಳನ್ನು ಎಣಿಸಿದರಾಯಿತು. ಆದರೆ ಇಲ್ಲಿ ಪ್ರತಿ ತಲೆಮಾರಿನಲ್ಲಿಯೂ ಮೌನವಿರುವವೇ ಉಳಿಯುವುದರಿಂದ ನೀವು ಅರಿವಿಲ್ಲದೆ ಆಯ್ಕೆ ಮಾಡುತ್ತಿರುತ್ತೀರಿ.

ಹೆಜ್ಜೆ 2: ತಳಿಗಳು ಮತ್ತು ಉಷ್ಣಾಂಶ

ತಳಿಗಳನ್ನು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿರುವ ಹುಳು ತಳಿಕೇಂದ್ರದಿಂದ ತರಿಸಬಹುದು. ಬೇಕಾದವು ಮೂರು: ಜಿಎಫ್‌ಪಿ ತಳಿ, ಅದೇ ಜಿಎಫ್‌ಪಿಯ ಜೊತೆ ಎಚ್‌ಆರ್‌ಡಿಇ-1 ಕೆಟ್ಟಿರುವ ತಳಿ, ಮತ್ತು ಆರ್‌ಡಿಇ-1 ಕೆಟ್ಟಿರುವ ತಳಿ. ಎಚ್‌ಆರ್‌ಡಿಇ-1 ಇಲ್ಲದ ಹುಳುಗಳು 25 ಡಿಗ್ರಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿ ಕೊನೆಗೆ ಬಂಜೆಯಾಗುತ್ತವೆ. ಅವನ್ನು 15ರಿಂದ 20 ಡಿಗ್ರಿಯಲ್ಲಿ ಸಾಕಿ, ಪ್ರಯೋಗಕ್ಕೆ ಹೆಪ್ಪುಗಟ್ಟಿಸಿಟ್ಟು ಹೊಸದಾಗಿ ಕರಗಿಸಿದ ದಾಸ್ತಾನನ್ನೇ ಬಳಸಿ.

ಇಡೀ ಪ್ರಯೋಗವನ್ನು 20 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರಿನಲ್ಲಿ ನಡೆಸಬೇಕು. ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಅಲ್ಲಿ ಸುಮಾರು ಮೂರು ದಿನ. ಹುಳುವಿನ ಪಠ್ಯಗಳಲ್ಲಿ ‘ಕೊಠಡಿಯ ಉಷ್ಣಾಂಶ’ ಎಂದು ಬರೆದಿರುವುದು ಕೇಂಬ್ರಿಜ್‌ನ ಕೊಠಡಿಯ ಮಾತು. ಏಪ್ರಿಲ್ ತಿಂಗಳಲ್ಲಿ ಕಲಬುರಗಿ, ರಾಯಚೂರು ಹಾಗಿರಲಿ, ಬೆಂಗಳೂರಿನ ಕೊಠಡಿಯೂ 27 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಈ ಹುಳುವಿಗೆ ಬಹುಮಟ್ಟಿಗೆ ಸಂತಾನವೇ ಆಗುವುದಿಲ್ಲ. ನಮ್ಮಲ್ಲಿ ಬೇಕಿರುವುದು ಬಿಸಿಮಾಡುವ ಪೆಟ್ಟಿಗೆಯಲ್ಲ, ತಂಪುಮಾಡುವ ಪೆಟ್ಟಿಗೆ. ವಿದ್ಯುತ್ ಹೋದ ರಾತ್ರಿಗಳನ್ನು ದಿನಚರಿಯಲ್ಲಿ ಬರೆದಿಡಿ, ಕಾರಣ ಮುಂದೆ ಬರುತ್ತದೆ.

ಹೆಜ್ಜೆ 3: ತಟ್ಟೆ ಮತ್ತು ಬ್ಯಾಕ್ಟೀರಿಯಾ

ಒಂದು ಲೀಟರ್ ಮಾಧ್ಯಮಕ್ಕೆ 3 ಗ್ರಾಂ ಉಪ್ಪು, 2.5 ಗ್ರಾಂ ಪೆಪ್ಟೋನ್, 17 ಗ್ರಾಂ ಅಗರ್ ಮತ್ತು 975 ಮಿಲಿಲೀಟರ್ ನೀರು ಸೇರಿಸಿ ಆಟೋಕ್ಲೇವ್ ಮಾಡಿ. ಸುಮಾರು 55 ಡಿಗ್ರಿಗೆ ಆರಿದ ಮೇಲೆ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಕೊಲೆಸ್ಟರಾಲ್ ದ್ರಾವಣ, 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ ತಲಾ 1 ಮಿಲಿಲೀಟರ್, ಪಿಎಚ್ 6ರ 1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 25 ಮಿಲಿಲೀಟರ್ ಬೆರೆಸಿ. ಇದು ಸಾಮಾನ್ಯ ತಟ್ಟೆ. ಮೌನಗೊಳಿಸುವ ತಟ್ಟೆಗೆ ಇದರ ಮೇಲೆ 1 ಮಿಲಿಮೋಲಾರ್ ಐಪಿಟಿಜಿಯನ್ನೂ (ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ಬರವಣಿಗೆ ಹೊತ್ತಿಸುವ ರಾಸಾಯನಿಕ) ಮಿಲಿಲೀಟರಿಗೆ 25 ಮೈಕ್ರೋಗ್ರಾಂನಂತೆ ಕಾರ್ಬೆನಿಸಿಲಿನ್ನನ್ನೂ ಸೇರಿಸಬೇಕು.

ತಿನ್ನಿಸುವ ಬ್ಯಾಕ್ಟೀರಿಯಾ ಎಚ್‌ಟಿ115. ಎರಡೆಳೆಯ ಆರ್‌ಎನ್‌ಎಯನ್ನು ಕಡಿಯುವ ಕಿಣ್ವ ಅದರಲ್ಲಿಲ್ಲ, ಆದ್ದರಿಂದ ತಯಾರಾದದ್ದು ಉಳಿಯುತ್ತದೆ. ಎಲ್4440 ಎಂಬ ಪ್ಲಾಸ್ಮಿಡ್‌ನಲ್ಲಿ ಎದುರುಬದುರಾಗಿರುವ ಎರಡು ಟಿ7 ಪ್ರವರ್ತಕಗಳ (ಬರವಣಿಗೆ ಆರಂಭವಾಗುವ ತಾಣಗಳ) ನಡುವೆ ಜಿಎಫ್‌ಪಿಯ ತುಣುಕು ಇರುತ್ತದೆ. ಐಪಿಟಿಜಿ ತಾಕಿದೊಡನೆ ಎರಡೂ ಎಳೆಗಳು ಬರೆಯಲ್ಪಡುತ್ತವೆ. ಬೆಳೆಸುವ ದ್ರವಕ್ಕೆ ಆಂಪಿಸಿಲಿನ್ ಮಾತ್ರ ಹಾಕಿ, ಟೆಟ್ರಾಸೈಕ್ಲಿನ್ ಬೇಡ. ಅದು ಪರಿಣಾಮವನ್ನು ಕುಗ್ಗಿಸುತ್ತದೆ. ಹೋಲಿಕೆಗಾಗಿ ಖಾಲಿ ಎಲ್4440 ಇರುವ ಎಚ್‌ಟಿ115 ಇನ್ನೊಂದು ತಟ್ಟೆಯಲ್ಲಿರಲಿ. ಬ್ಯಾಕ್ಟೀರಿಯಾ ಹಚ್ಚಿದ ಮೇಲೆ ಒಂದು ರಾತ್ರಿ ಹೊರಗಿಟ್ಟು ನಂತರ ಹುಳು ಬಿಡಿ.

ಹೆಜ್ಜೆ 4: ಮೂಲ ತಲೆಮಾರಿಗೆ ತಿನ್ನಿಸುವುದು

ಆಗತಾನೇ ಮೊಟ್ಟೆಯೊಡೆದ ಮರಿಗಳನ್ನು ಎರಡೂ ಬಗೆಯ ತಟ್ಟೆಗಳ ಮೇಲೆ ಬಿಟ್ಟು ಪ್ರೌಢವಾಗುವವರೆಗೆ ಬೆಳೆಸಿ. ಇದು ಮೂಲ ತಲೆಮಾರು, ಸಂಕೇತದಲ್ಲಿ ಪಿ0. ಮಕ್ಕಳು ಎಫ್1, ಮೊಮ್ಮಕ್ಕಳು ಎಫ್2. ಮೂರನೆಯ ದಿನ ಕೆಲವು ಹುಳುಗಳನ್ನು ನೋಡಿ: ಖಾಲಿ ಪ್ಲಾಸ್ಮಿಡ್ ತಿಂದವುಗಳಲ್ಲಿ ಅಂಡಾಣುಗಳ ಕೋಶಕೇಂದ್ರಗಳು ಹಸಿರಾಗಿ ಬೆಳಗುತ್ತಿರಬೇಕು, ಜಿಎಫ್‌ಪಿಯ ಆರ್‌ಎನ್‌ಎ ತಿಂದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕತ್ತಲಾಗಿರಬೇಕು. ಇಲ್ಲಿಯೇ ಅರ್ಧಕ್ಕರ್ಧ ಬೆಳಗುತ್ತಿದ್ದರೆ ಮುಂದುವರಿಯಬೇಡಿ. ಐಪಿಟಿಜಿ ಹಳೆಯದಾಗಿದೆ, ಅಥವಾ ತಟ್ಟೆಯಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ.

ಹೆಜ್ಜೆ 5: ಪ್ರಚೋದನೆಯನ್ನು ಕಡಿದುಹಾಕುವುದು

ಮಕ್ಕಳಿಗೆ ಎಚ್‌ಟಿ115ರ ಒಂದು ಕಣವೂ ದಾಟಬಾರದು. ಹುಳುವನ್ನು ಪ್ಲಾಟಿನಂ ತಂತಿಯಿಂದ ಎತ್ತಿ ಬೇರೆ ತಟ್ಟೆಗೆ ಬಿಟ್ಟರೆ ಅದರ ಮೈಮೇಲೂ ಕರುಳಿನಲ್ಲೂ ಬ್ಯಾಕ್ಟೀರಿಯಾ ಜೊತೆಗೇ ಬರುತ್ತದೆ, ಹೊಸ ತಟ್ಟೆಯಲ್ಲಿ ಬೆಳೆಯುತ್ತದೆ, ಮಕ್ಕಳು ಅದನ್ನೇ ತಿನ್ನುತ್ತವೆ. ಆಗ ನೀವು ಆನುವಂಶಿಕತೆ ಎಂದು ಬರೆದುಕೊಳ್ಳುವುದು ಬರೀ ಊಟದ ಫಲ.

ಇದಕ್ಕೆ ಬ್ಲೀಚ್ ಮಾಡಬೇಕು. ಮೊಟ್ಟೆ ತುಂಬಿದ ಪ್ರೌಢ ಹುಳುಗಳನ್ನು ನೀರಿನಿಂದ ತೊಳೆದು ಕೊಳವೆಗೆ ಹಾಕಿ, 3.5 ಮಿಲಿಲೀಟರಿಗೆ ತನ್ನಿ. 5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 0.5 ಮಿಲಿಲೀಟರ್ ಮತ್ತು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ 1 ಮಿಲಿಲೀಟರ್ ಬೆರೆಸಿ ಸೇರಿಸಿ, ಆಗಾಗ ಅಲುಗಾಡಿಸಿ. ಕೊಳವೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದೇ ಕೂತಿರಿ. ಮೊದಲು ಹುಳುಗಳು ನೆಟ್ಟಗಾಗಿ ನಿಲ್ಲುತ್ತವೆ. ಮೂರು ನಾಲ್ಕು ನಿಮಿಷಗಳಲ್ಲಿ ಮೈ ನಡುವಿನಲ್ಲಿ, ಮೊಟ್ಟೆ ಹೊರಬರುವ ಬಿರುಕಿನ ಬಳಿಯೇ ಒಡೆದು, ಮೊಟ್ಟೆಗಳು ಜೋಳದ ಕಾಳು ಚೆಲ್ಲಿದಂತೆ ಹೊರಬೀಳುತ್ತವೆ. ಇನ್ನೊಂದೆರಡು ನಿಮಿಷಕ್ಕೆ ಚರ್ಮದ ಚೂರುಗಳಷ್ಟೇ ತೇಲುತ್ತಿರುತ್ತವೆ. ಆ ಕ್ಷಣವೇ ಎಂ9 ಎಂಬ ಲವಣ ದ್ರಾವಣ ತುಂಬಿ, ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ, ಮೂರು ಬಾರಿ ತೊಳೆಯಿರಿ. ಮೊಟ್ಟೆಯ ಚಿಪ್ಪು ಭ್ರೂಣವನ್ನು ಕಾಯುತ್ತದೆ, ಆದರೆ ಹತ್ತು ನಿಮಿಷ ದಾಟಿದರೆ ಅದೂ ಸೋಲುತ್ತದೆ. ಬ್ಲೀಚ್ ಬಾಟಲಿ ತೆರೆದು ತಿಂಗಳುಗಳಾಗಿದ್ದರೆ ಅದರ ಬಲ ಇಳಿದಿರುತ್ತದೆ. ಗಡಿಯಾರವನ್ನು ನಂಬದೆ ಕಣ್ಣನ್ನು ನಂಬಿ.

ಬಹಳಷ್ಟು ಪ್ರಯೋಗಶಾಲೆಗಳಲ್ಲಿ ಈ ಮೊಟ್ಟೆಗಳನ್ನು ರಾತ್ರಿಯಿಡೀ ಆಹಾರವಿಲ್ಲದ ಎಂ9ನಲ್ಲಿ ಬಿಟ್ಟು, ಮರಿಗಳನ್ನೆಲ್ಲ ಒಂದೇ ಹಂತದಲ್ಲಿ ನಿಲ್ಲಿಸುವ ರೂಢಿಯಿದೆ. ಬೇರೆ ಪ್ರಯೋಗಗಳಿಗೆ ಅದು ಸರಿ. ಇಲ್ಲಿ ನಾನು ಒಪ್ಪುವುದಿಲ್ಲ. ಹಸಿವೇ ಕಿರು ಆರ್‌ಎನ್‌ಎಗಳನ್ನು ಬದಲಿಸಿ ಆ ಬದಲಾವಣೆಯನ್ನು ಮುಂದಿನ ತಲೆಮಾರುಗಳಿಗೆ ದಾಟಿಸುತ್ತದೆಂದು ಒಡೆಡ್ ರೆಖಾವಿ ಮತ್ತು ಆಲಿವರ್ ಹೋಬರ್ಟ್ 2014ರಲ್ಲಿ ತೋರಿಸಿದರು; ಟೆಲ್ ಅವೀವ್‌ನ ರೆಖಾವಿ ತಂಡವೇ 2021ರಲ್ಲಿ, ಬಿಸಿ, ಉಪ್ಪು ಮತ್ತು ಹಸಿವಿನ ಒತ್ತಡಗಳು ಹಿಂದಿನಿಂದ ಬಂದ ಮೌನವನ್ನು ಅಳಿಸಿಹಾಕುತ್ತವೆಂದು ವರದಿ ಮಾಡಿತು. ವಿದ್ಯುತ್ ಹೋದ ರಾತ್ರಿಯನ್ನು ಬರೆದಿಡಿ ಎಂದದ್ದು ಇದಕ್ಕೇ. ತೊಳೆದ ಮೊಟ್ಟೆಗಳನ್ನು ನೇರವಾಗಿ, ಹುಳುಗಳ ಮಾಮೂಲಿ ಆಹಾರವಾದ ಒಪಿ50 ಬ್ಯಾಕ್ಟೀರಿಯಾ ಇರುವ ಸಾಮಾನ್ಯ ತಟ್ಟೆಗೆ ಹಾಕಿ, ಮರಿಗಳ ವಯಸ್ಸಿನಲ್ಲಿ ಕೆಲವು ಗಂಟೆ ಹೆಚ್ಚುಕಡಿಮೆಯಾಗುವುದನ್ನು ಸಹಿಸಿಕೊಳ್ಳಿ.

ಎಫ್1ಕ್ಕೆ ಬೇರಾವುದೇ ಜೀನ್‌ನ ಎರಡೆಳೆಯ ಆರ್‌ಎನ್‌ಎಯನ್ನೂ ತಿನ್ನಿಸಬೇಡಿ. ಸಂಬಂಧವೇ ಇಲ್ಲದ ಇನ್ನೊಂದು ಜೀನಿನ ಮೇಲೆ ಹೊಸ ಪ್ರಚೋದನೆ ಕೊಟ್ಟರೆ ಹಳೆಯ ಮೌನದ ಆಯುಷ್ಯ ಹೆಚ್ಚುತ್ತದೆಂಬುದು 2016ರಲ್ಲಿ ರೆಖಾವಿ ತಂಡದಿಂದಲೇ ಬಂದ ಇನ್ನೊಂದು ಶೋಧ. ಖಾಲಿ ಎಲ್4440 ಕೂಡ ತನ್ನ ನಡುವಿನ ಚಿಕ್ಕ ಸರಣಿಯಿಂದ ಎರಡೆಳೆಯ ಆರ್‌ಎನ್‌ಎ ಬರೆಯುತ್ತದೆ ಎಂಬುದನ್ನು ಮರೆಯಬಾರದು.

ಹೆಜ್ಜೆ 6: ವಂಶಗಳನ್ನು ಬೇರೆಯಾಗಿಡುವುದು

ಎಫ್1 ಮರಿಗಳು ನಾಲ್ಕನೆಯ ಹಂತಕ್ಕೆ ಬಂದಾಗ, ಅಂದರೆ ಹೊಟ್ಟೆಯ ನಡುವೆ ಬಿದಿಗೆ ಚಂದ್ರನಂಥ ಬಿಳಿ ಗುರುತು ಕಂಡಾಗ, ಪ್ರತಿ ಗುಂಪಿನಿಂದ ಹನ್ನೆರಡು ಹುಳುಗಳನ್ನು ಹನ್ನೆರಡು ತಟ್ಟೆಗಳಿಗೆ ಒಂದೊಂದಾಗಿ ಹಾಕಿ. ಪ್ರತಿ ತಟ್ಟೆ ಒಂದು ವಂಶ. ಮುಂದಿನ ತಲೆಮಾರಿನಲ್ಲಿ ಪ್ರತಿ ವಂಶದಿಂದ ಒಂದು ತಾಯಿಯನ್ನು, ಅದು ಬೆಳಗುತ್ತಿದೆಯೇ ಇಲ್ಲವೇ ಎಂದು ನೋಡದೆ ಆರಿಸಿ. ಬೆಳಗದವನ್ನೇ ಆರಿಸುತ್ತ ಹೋದರೆ ಮೌನ ಬಹುಕಾಲ ನಿಲ್ಲುತ್ತದೆ; 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಬ್ರೆಕ್ಟ್ ಸಂಸ್ಥೆಯಲ್ಲಿ ರೊನಾಲ್ಡ್ ಪ್ಲಾಸ್ಟರ್ಕ್ ಅವರ ತಂಡ 80 ತಲೆಮಾರುಗಳವರೆಗೆ ಉಳಿದ ಮೌನವನ್ನು ಕಂಡದ್ದು ಹೀಗೆ ಆರಿಸುತ್ತ ಹೋದಾಗಲೇ. ಅದೂ ನ್ಯಾಯವಾದ ಪ್ರಯೋಗವೇ, ಆದರೆ ಬೇರೆ ಪ್ರಶ್ನೆಗೆ ಉತ್ತರ. ಮೌನ ಎಷ್ಟು ದೂರ ಹೋಗಬಲ್ಲದು ಎಂಬುದು ಒಂದು. ಬಿಟ್ಟರೆ ಎಷ್ಟು ದೂರ ಹೋಗುತ್ತದೆ ಎಂಬುದು ಇನ್ನೊಂದು.

ವಂಶಗಳನ್ನು ಬೆರೆಸಬಾರದೆಂದು ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ಸಲ ಮಾಡಿದಾಗ ಶ್ರಮ ಉಳಿಸಲು ಎಫ್2ರಲ್ಲಿ ಎಲ್ಲ ವಂಶಗಳ ಹುಳುಗಳನ್ನು ಒಂದೇ ದೊಡ್ಡ ತಟ್ಟೆಗೆ ತೊಳೆದುಹಾಕಿದ್ದೆ. ತಲೆಮಾರಿನಿಂದ ತಲೆಮಾರಿಗೆ ನಯವಾಗಿ ಇಳಿಯುವ ಗೆರೆಯೊಂದು ಬಂತು. ನಾನು ಅದನ್ನು ‘ಮೌನ ಕ್ರಮೇಣ ಕರಗುತ್ತದೆ’ ಎಂದು ಓದಿದೆ. ಎರಡನೆಯ ಸಲ ಬೇರೆಬೇರೆಯಾಗಿ ಇಟ್ಟಾಗ ಆ ಗೆರೆಯೇ ಮಾಯವಾಯಿತು. ಒಂದು ತಟ್ಟೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಕತ್ತಲು, ಪಕ್ಕದ ತಟ್ಟೆಯಲ್ಲಿ ಎಲ್ಲವೂ ಹಸಿರು. ಸರಾಸರಿ ತೆಗೆದದ್ದರಿಂದ ಇಳಿಜಾರಿನಂತೆ ಕಂಡಿತ್ತು, ಅಷ್ಟೇ. 2020ರಲ್ಲಿ ರೆಖಾವಿ ತಂಡ ಇದನ್ನೇ ಮೂರು ನಿಯಮಗಳಾಗಿ ವಿವರಿಸಿತು: ಒಂದೇ ತಾಯಿಯ ಸಂತತಿ ಒಂದೇ ರೀತಿ ವರ್ತಿಸುತ್ತದೆ, ಒಂದೇ ಬಗೆಯ ಡಿಎನ್‌ಎ ಇರುವ ತಾಯಂದಿರ ನಡುವೆಯೇ ದಾಟಿಸುವ ಶಕ್ತಿಯಲ್ಲಿ ವ್ಯತ್ಯಾಸವಿರುತ್ತದೆ, ಒಂದು ವಂಶ ಎಷ್ಟು ಹೆಚ್ಚು ತಲೆಮಾರು ಮೌನವನ್ನು ಕಾಯ್ದುಕೊಂಡಿದೆಯೋ, ಮುಂದಿನದಕ್ಕೂ ದಾಟಿಸುವ ಸಂಭವ ಅಷ್ಟೇ ಹೆಚ್ಚು.

ಎಲ್ಲಿಂದ ‘ತಲೆಮಾರು ದಾಟಿತು’ ಎನ್ನಬೇಕು? ತಾಯಿ ತಿನ್ನುವಾಗ ಎಫ್1 ಭ್ರೂಣ ಅದರ ಹೊಟ್ಟೆಯಲ್ಲೇ ಇರುತ್ತದೆ. ಆ ಭ್ರೂಣದಲ್ಲಿ ಎಫ್2ರ ಮೂಲವಾದ ಜನನಕೋಶಗಳೂ ಆಗಲೇ ಬೇರ್ಪಟ್ಟಿರುತ್ತವೆ. ಹಾಗಾಗಿ ಪ್ರಚೋದನೆ ನೇರವಾಗಿ ತಾಕಿರಲಾರದ ಮೊದಲ ತಲೆಮಾರು ಎಫ್3. ಅದಕ್ಕೂ ಮುಂಚೆ ನಿಲ್ಲಿಸಿದ ಪ್ರಯೋಗಕ್ಕೆ ಆ ದೊಡ್ಡ ಹೆಸರು ಕೊಡಬೇಡಿ. ಎಫ್6ರವರೆಗೆ ಯೋಜಿಸಿಕೊಳ್ಳಿ, ಮೂರು ವಾರಗಳ ಕೆಲಸ.

ಹೆಜ್ಜೆ 7: ಎಣಿಕೆ

ಪ್ರೌಢಾವಸ್ಥೆಯ ಮೊದಲ ದಿನವೇ ಎಣಿಸಿ, ಪ್ರತಿ ವಂಶದಿಂದ ಮೂವತ್ತು ಹುಳು. ತಾಯಂದಿರನ್ನು ಮೊದಲೇ ಬೇರ್ಪಡಿಸಿಟ್ಟು, ಉಳಿದವನ್ನು ಅಗರೋಸ್ ಪದರದ ಮೇಲೆ ಹುಳುವನ್ನು ಅಲುಗದಂತೆ ಮಾಡುವ ಒಂದೆರಡು ಮಿಲಿಮೋಲಾರ್ ಲೆವಮಿಸೋಲ್ ಹನಿಯಲ್ಲಿ ಮಲಗಿಸಿ. ನೋಡಬೇಕಾದದ್ದು ಗರ್ಭಕ್ಕೆ ಹತ್ತಿರದ ಮೂರು ನಾಲ್ಕು ಅಂಡಾಣುಗಳನ್ನು: ಪ್ರತಿ ಅಂಡಾಣುವೂ ಚೌಕಾಕಾರದ ಕೋಣೆಯಂತಿದ್ದು, ನಡುವಿನ ದುಂಡು ಕೋಶಕೇಂದ್ರ ಹಚ್ಚಿದ ದೀಪದಂತಿರುತ್ತದೆ ಅಥವಾ ಪೂರ್ತಿ ಕಪ್ಪಾಗಿರುತ್ತದೆ. ಕರುಳಿನ ಕಣಗಳು ತಾವಾಗಿಯೇ ಹಳದಿಮಿಶ್ರಿತವಾಗಿ ಮಿನುಗುತ್ತವೆ, ವಯಸ್ಸಾದಂತೆ ಇನ್ನೂ ಹೆಚ್ಚು. ಹೊಸಬರು ಅದನ್ನೇ ಜಿಎಫ್‌ಪಿ ಎಂದು ಬರೆಯುತ್ತಾರೆ. ಬೆಳಗಿದೆ, ಮಂಕಾಗಿದೆ, ಕತ್ತಲು ಎಂಬ ಮೂರು ವರ್ಗ ಸಾಕು. ತಟ್ಟೆಗಳ ಗುರುತನ್ನು ಬೇರೊಬ್ಬರು ಸಂಕೇತಾಕ್ಷರಗಳಿಂದ ಮುಚ್ಚಿಕೊಡಬೇಕು. ‘ಮಂಕು’ ಎಂಬ ವರ್ಗದಲ್ಲಿ ನಮ್ಮ ಆಸೆ ಬಹಳ ಸುಲಭವಾಗಿ ಒಳನುಗ್ಗುತ್ತದೆ.

ಸಾಮಾನ್ಯವಾಗಿ ಎಫ್1 ಬಹುಪಾಲು ಕತ್ತಲಾಗಿದ್ದು, ಮೂರರಿಂದ ಐದು ತಲೆಮಾರುಗಳಲ್ಲಿ ಹೆಚ್ಚಿನ ವಂಶಗಳು ಮತ್ತೆ ಬೆಳಗುತ್ತವೆ. ಒಂದೆರಡು ವಂಶಗಳು ಹಟ ಹಿಡಿದಂತೆ ಮೌನವಾಗಿಯೇ ಮುಂದುವರಿಯುವುದುಂಟು. ಅವನ್ನು ‘ಅಪವಾದ’ ಎಂದು ಎಸೆಯಬೇಡಿ. ಅದೇ ತಟ್ಟೆಯಿಂದ ಡಿಎನ್‌ಎ ತೆಗೆದು ಜಿಎಫ್‌ಪಿ ಜೀನ್ ಇನ್ನೂ ಇದೆಯೇ, ಕೆಟ್ಟಿಲ್ಲವೇ ಎಂದು ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳಿ.

ಹೆಜ್ಜೆ 8: ಯಂತ್ರದ ಒಂದೊಂದು ಬಿಡಿಭಾಗ ಕಳಚಿ ನೋಡುವುದು

ಆರ್‌ಡಿಇ-1 ಇಲ್ಲದ ಹುಳುಗಳಲ್ಲಿ ಪಿ0ದಲ್ಲಿಯೇ ಮೌನ ಬರುವುದಿಲ್ಲ. ಎಚ್‌ಆರ್‌ಡಿಇ-1 ಇಲ್ಲದ ಹುಳುಗಳಲ್ಲಿ ಪಿ0 ಸರಿಯಾಗಿ ಕತ್ತಲಾಗುತ್ತದೆ, ಮಕ್ಕಳಲ್ಲಿ ಬೆಳಕು ಮರಳುತ್ತದೆ. 2012ರಲ್ಲಿ ಕೆನಡಿ ತಂಡ ಈ ಜೀನನ್ನು ಗುರುತಿಸಿದ್ದು ಈ ವ್ಯತ್ಯಾಸದಿಂದಲೇ. ಅದೇ ವರ್ಷ ಎರಿಕ್ ಮಿಸ್ಕಾ, ಮೆಲ್ಲೊ ಮತ್ತು ರೆನೆ ಕೆಟಿಂಗ್ ಅವರ ತಂಡಗಳು ಪೈ-ಆರ್‌ಎನ್‌ಎ (piRNA) ಎಂಬ ಇನ್ನೊಂದು ಬಗೆಯ ಕಿರು ಆರ್‌ಎನ್‌ಎ ಹೊತ್ತಿಸಿದ ಮೌನವೂ ಇದೇ ದಾರಿಯಲ್ಲಿ ಸಾಗುತ್ತದೆಂದು ಕಂಡವು. ಎರಡು ತಳಿಗಳನ್ನು ಅಕ್ಕಪಕ್ಕ ಇಟ್ಟಾಗ ‘ಮೌನ ಹುಟ್ಟುವುದು’ ಮತ್ತು ‘ಮೌನ ದಾಟುವುದು’ ಬೇರೆಬೇರೆ ಕೆಲಸಗಳೆಂಬುದು ಕಣ್ಣಿಗೇ ಕಾಣುತ್ತದೆ. ಮೆಲ್ಲೊ ಪ್ರಯೋಗಶಾಲೆ 2000ದಲ್ಲಿಯೇ ಇದಕ್ಕೆ ಸೊಗಸಾದ ಪುರಾವೆ ಕೊಟ್ಟಿತ್ತು: ತಾಯಿಯಲ್ಲಿ ಆರ್‌ಡಿಇ-1ರ ಒಂದು ಸರಿಯಾದ ಪ್ರತಿ ಇದ್ದರೆ ಸಾಕು, ಮಕ್ಕಳಲ್ಲಿ ಎರಡೂ ಪ್ರತಿಗಳು ಕೆಟ್ಟಿದ್ದರೂ ಮೌನ ಅವುಗಳಲ್ಲಿ ಮುಂದುವರಿಯುತ್ತದೆ. ಹೊತ್ತಿಸಿದ ಕೈ ಮತ್ತೆ ಬೇಕಿಲ್ಲ.

ಹೆಜ್ಜೆ 9: ಗಂಡಿನ ಮೂಲಕ ದಾಟಿಸಿ ನೋಡುವುದು

ಮೌನ ಜೀನಿಗೆ ಅಂಟಿಕೊಂಡೇ ಹೋಗುತ್ತಿದೆಯೇ, ಅಥವಾ ಜೀನಿನಿಂದ ಬೇರ್ಪಟ್ಟು ಓಡಾಡುವ ವಸ್ತುವೊಂದು ಇದೆಯೇ? ಮೌನಗೊಂಡ ಜಿಎಫ್‌ಪಿ ಗಂಡನ್ನು, ಎಂದೂ ಏನೂ ತಿನ್ನದ, ಅದೇ ಜಿಎಫ್‌ಪಿ ಬೆಳಗುತ್ತಿರುವ ದ್ವಿಲಿಂಗಿಯೊಡನೆ ಕೂಡಿಸಿ. ತಾಯಿಯ ಪ್ರತಿ ಬೆಳಗಲೇಬೇಕು, ಮೌನ ತಂದೆಯ ಡಿಎನ್‌ಎಗೆ ಮಾತ್ರ ಅಂಟಿದ್ದರೆ. ಮಕ್ಕಳಲ್ಲಿ ಎರಡೂ ಪ್ರತಿಗಳು ಆರಿದ್ದರೆ ವೀರ್ಯಾಣುವಿನ ಮೂಲಕ ಕಿರು ಆರ್‌ಎನ್‌ಎಗಳು ಬಂದು ತಾಯಿಯ ಪ್ರತಿಯನ್ನೂ ಹಿಡಿದವೆಂದು ತಿಳಿಯಬೇಕು. ದ್ವಿಲಿಂಗಿ ತನ್ನದೇ ವೀರ್ಯದಿಂದಲೂ ಮರಿ ಹಾಕುವುದರಿಂದ ಗಿಡ್ಡ ಮೈಯ ರೂಪಾಂತರವಿರುವ ತಾಯಿಯನ್ನು ಬಳಸಿ. ಸಾಮಾನ್ಯ ಉದ್ದದ ಮರಿಗಳೆಲ್ಲ ಗಂಡಿನ ಸಂತಾನ. ಗಂಡುಹುಳುಗಳು ತಾವಾಗಿ ಹುಟ್ಟುವುದು ಸಾವಿರಕ್ಕೆ ಒಂದೆರಡು. ಅವನ್ನು ಪಡೆಯಲು 30 ಡಿಗ್ರಿಯ ಬಿಸಿ ಕೊಡುವ ಹಳೆಯ ಉಪಾಯವನ್ನು ಪ್ರಚೋದನೆಗೆ ಕೆಲವು ತಲೆಮಾರು ಮೊದಲೇ ಮಾಡಿ, ಆಮೇಲೆ ಕೂಡಿಸುತ್ತಲೇ ಗಂಡುಗಳ ದಾಸ್ತಾನು ಇಟ್ಟುಕೊಳ್ಳಿ. ಮೌನಗೊಂಡ ಮೇಲೆ ಬಿಸಿ ಕೊಟ್ಟರೆ ಏನಾಗುತ್ತದೆಂದು ಆಗಲೇ ಹೇಳಿದ್ದೇನೆ.

ಹೆಜ್ಜೆ 10: ಕಿರು ಆರ್‌ಎನ್‌ಎಗಳನ್ನೇ ಓದುವುದು

ಇಲ್ಲಿ ಒಂದೇ ಒಂದು ಗುಂಡಿ ಇದೆ, ಬಹುತೇಕರು ಅದರಲ್ಲಿಯೇ ಬೀಳುತ್ತಾರೆ. 22ಜಿಗಳನ್ನು ಪಾಲಿಮರೇಸ್ ನೇರವಾಗಿ ಬರೆಯುವುದರಿಂದ ಅವುಗಳ ಮುಂದಲೆಯಲ್ಲಿ ಮೂರು ಫಾಸ್ಫೇಟ್‌ಗಳಿರುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಕಿಟ್‌ಗಳು ಒಂದೇ ಫಾಸ್ಫೇಟ್ ಇರುವ ತುದಿಗೆ ಮಾತ್ರ ಕೊಂಡಿ ಹಾಕುತ್ತವೆ. ಪರಿಣಾಮವಾಗಿ ಮೈಕ್ರೋ ಆರ್‌ಎನ್‌ಎಗಳು ಚೆನ್ನಾಗಿ ಓದಿಸಿಕೊಳ್ಳುತ್ತವೆ, ನೀವು ಹುಡುಕುತ್ತಿರುವುದು ಕಾಣುವುದೇ ಇಲ್ಲ. ಆರ್‌ಪಿಪಿಎಚ್‌ನಂಥ ಕಿಣ್ವದಿಂದ ಹೆಚ್ಚುವರಿ ಫಾಸ್ಫೇಟ್‌ಗಳನ್ನು ಕಳಚಿ, ಆಮೇಲೆ ಕೊಂಡಿ ಹಾಕಬೇಕು. ಓದಿದ ಸರಣಿಗಳಲ್ಲಿ 22 ಉದ್ದದ, ಜಿಯಿಂದ ಆರಂಭವಾಗುವ, ಜಿಎಫ್‌ಪಿ ಸಂದೇಶಕ್ಕೆ ಎದುರು ಎಳೆಯವನ್ನು ಎಣಿಸಿ. ತಿನ್ನಿಸಿದ ತುಣುಕಿನ ಹೊರಗಿನ ಭಾಗಕ್ಕೆ, ಉದಾಹರಣೆಗೆ ಬೆಸೆದಿರುವ ಎಚ್2ಬಿಗೆ, ಹೊಂದುವ 22ಜಿಗಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಅವು ಬ್ಯಾಕ್ಟೀರಿಯಾದಿಂದ ಬಂದಿರಲು ಸಾಧ್ಯವೇ ಇಲ್ಲ.

ಹಿಸ್ಟೋನ್ ಗುರುತಿನ ಪರೀಕ್ಷೆಯನ್ನೂ ಮಾಡಬಹುದು, ಆದರೆ ಅದನ್ನೇ ಕಾರಣವೆಂದು ಬರೆಯುವ ಮುನ್ನ ನಿಧಾನಿಸಿ. ಗುರುತು ಮೌನದ ಜೊತೆ ಬರುತ್ತದೆ ನಿಜ. ಆದರೆ ಅದನ್ನು ಹಾಕುವ ಎಸ್‌ಇಟಿ-25 ಮತ್ತು ಎಸ್‌ಇಟಿ-32 ಮೌನವನ್ನು ನೆಲೆಗೊಳಿಸುವುದಕ್ಕೆ ಬೇಕಾಗುತ್ತವೆ, ನಂತರ ಕಾಯ್ದುಕೊಳ್ಳಲು ಅಷ್ಟಾಗಿ ಬೇಡ ಎಂಬ ವರದಿಯಿದೆ. ಎಂಇಟಿ-2 ಎಂಬ ಇನ್ನೊಂದು ಕಿಣ್ವ ಇಲ್ಲದಿದ್ದರೆ ಮೌನ ಮತ್ತೂ ದೀರ್ಘವಾಗುತ್ತದೆ.

ಹೆಜ್ಜೆ 11: ಎಲ್ಲಿಯವರೆಗೆ ಹೇಳಬಹುದು

ಜಿಎಫ್‌ಪಿ ಆರಿತೇ ಇಲ್ಲವೇ ಎಂಬುದು ಸರಳ ಪ್ರಶ್ನೆ. ನಡವಳಿಕೆಗೆ ಬಂದರೆ ನೆಲ ಜಾರುತ್ತದೆ. ಪ್ರಿನ್ಸ್‌ಟನ್‌ನ ಕೊಲೀನ್ ಮರ್ಫಿ ತಂಡ 2019ರಲ್ಲಿ, ಪಿಎ14 ಎಂಬ ರೋಗಕಾರಕ ಸ್ಯೂಡೊಮೊನಾಸ್‌ನೊಡನೆ ಒಂದು ದಿನ ಕಳೆದ ತಾಯಿಹುಳುವಿನ ಸಂತತಿ ನಾಲ್ಕು ತಲೆಮಾರುಗಳವರೆಗೆ ಆ ಬ್ಯಾಕ್ಟೀರಿಯಾದಿಂದ ದೂರ ಸರಿಯುತ್ತದೆಂದೂ, 2020ರಲ್ಲಿ, ಬ್ಯಾಕ್ಟೀರಿಯಾದ ಪಿ11 ಎಂಬ ಕಿರು ಆರ್‌ಎನ್‌ಎಯೇ ಇದಕ್ಕೆ ಕಾರಣವೆಂದೂ ಹೇಳಿತು. ಹಾರ್ವರ್ಡ್‌ನ ಕ್ರೇಗ್ ಹಂಟರ್ ತಂಡಕ್ಕೆ, ಅಂದರೆ 2002ರಲ್ಲಿ ಸಿಡ್-1ನ್ನು ಕಂಡುಹಿಡಿದ ತಂಡಕ್ಕೇ, ಎಫ್1ರಾಚೆ ಈ ನಡವಳಿಕೆ ಸ್ಥಿರವಾಗಿ ಕಾಣಲಿಲ್ಲ. ಆ ಬಳಿಕ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು ಎಫ್2ರಲ್ಲಿಯೂ ಕಂಡಿತು. ವಾದ ಬಹುಪಾಲು ನಡೆದದ್ದು ಪರೀಕ್ಷೆಯ ತಟ್ಟೆಯಲ್ಲಿ ಹುಳುಗಳನ್ನು ಹೇಗೆ ಸ್ತಬ್ಧಗೊಳಿಸಿದರು, ಬ್ಯಾಕ್ಟೀರಿಯಾವನ್ನು ಹೇಗೆ ಬೆಳೆಸಿದರು ಎಂಬಂಥ ಅಡುಗೆಮನೆಯ ವಿವರಗಳ ಸುತ್ತಲೇ. ಹಾಗಾಗಿ ದಿನಚರಿಯಲ್ಲಿ ತಟ್ಟೆ ಎರಕ ಹೊಯ್ದ ದಿನಾಂಕ, ಬ್ಯಾಕ್ಟೀರಿಯಾ ಬೆಳೆಸಿದ ಉಷ್ಣಾಂಶ, ಬ್ಲೀಚ್‌ನ ನಿಮಿಷ, ಹುಳು ಹಸಿದಿದ್ದ ಗಂಟೆಗಳು ಎಲ್ಲವೂ ಇರಲಿ.

ಹೆಜ್ಜೆ 12: ಮುಗಿದ ಮೇಲೆ

ಹಟದಿಂದ ಮೌನವಾಗಿ ಉಳಿದ ವಂಶಗಳನ್ನು ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿ ಇಡುವ ಆಸೆಯಾಗುತ್ತದೆ. ಇಡಬಹುದು. ಆದರೆ ಹೆಪ್ಪುಗಟ್ಟಿದ ಮೇಲೂ ಬದುಕಿ ಬರುವವು ಮುಖ್ಯವಾಗಿ ಹಸಿದ, ಮೊದಲ ಹಂತದ ಮರಿಗಳು. ಹಸಿವು ಏನು ಮಾಡಬಲ್ಲದೆಂದು ಈಗ ನಿಮಗೆ ಗೊತ್ತಿದೆ. ಕರಗಿಸಿದ ಹುಳುಗಳ ಮೌನವನ್ನು ಮೊದಲಿದ್ದಂತೆಯೇ ಇದೆ ಎಂದು ನಂಬದೆ, ಚೆನ್ನಾಗಿ ಉಂಡ ಎರಡು ತಲೆಮಾರು ಕಳೆದ ಬಳಿಕ ಹೊಸದಾಗಿ ಎಣಿಸಿ. ಏನೂ ತಿನ್ನಿಸದ ಮೂಲ ಜಿಎಫ್‌ಪಿ ತಳಿಯ ಕೊಳವೆಗಳನ್ನು ಮಾತ್ರ ಪ್ರಯೋಗ ಆರಂಭಿಸುವ ಮೊದಲೇ ಬೇಕಾದಷ್ಟು ಹೆಪ್ಪುಗಟ್ಟಿಸಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಪ್ರಯೋಗವನ್ನು ಮೇಜಿನ ಮೇಲೆ ವರ್ಷವಿಡೀ ಸಾಗಿಬಂದ ತಟ್ಟೆಯಿಂದಲ್ಲ, ಆ ಕೊಳವೆಯಿಂದಲೇ ತೊಡಗಬೇಕು.